ಗಾಳಿ ಎಷ್ಟು ಹಾಕಲಿ?

ಹುಣಸೂರಿನಿಂದ ಯಾವ ದಿಕ್ಕಿಗೆ ಹೊರಟರೂ, ಅದು ಪಿರಿಯಾಪಟ್ಟಣದ ದಾರಿಯಿರಲಿ, ಕೆ.ಆರ್. ನಗರದ ದಾರಿಯಿರಲಿ, ಎಚ್.ಡಿ. ಕೋಟೆಯ ದಾರಿಯಿರಲಿ, ಊರು ಮುಗಿಯುವ ಹೊತ್ತಿಗೆ ಒಂದು ಪಂಕ್ಚರ್ ಅಂಗಡಿ ಕಾಣಿಸುತ್ತದೆ. ಮರಕ್ಕೆ ತೂಗುಹಾಕಿದ ಹಳೆಯ ಟೈರು, ಅದರ ಮೇಲೆ ಬಿಳಿ ಬಣ್ಣದ ಅಕ್ಷರ, ಪಕ್ಕದಲ್ಲಿ ಗಡಗಡ ಎನ್ನುವ ಕಂಪ್ರೆಸರ್. ಒಂದು ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ಹುಡುಗ ಪೈಪು ಎಳೆದುಕೊಂಡು ಬಂದು ಕೇಳುತ್ತಾನೆ: "ಎಷ್ಟು ಹಾಕ್ಲಿ ಅಣ್ಣಾ?"

ಈ ಪ್ರಶ್ನೆಗೆ ನಾನು ಕೇಳಿಸಿಕೊಂಡ ಉತ್ತರಗಳು ಬಗೆಬಗೆಯವು. "ಮಾಮೂಲಿ ಹಾಕು." "ಲೋಡ್ ಇದೆ, ಫುಲ್ ಹಾಕು." "ಹೋದ್ಸಲ ಎಷ್ಟ್ ಹಾಕಿದ್ಯೋ ಅಷ್ಟೇ ಹಾಕಪ್ಪ." ಹೋದ ಸಲ ಎಷ್ಟು ಹಾಕಿದ್ದೆ ಎನ್ನುವುದು ಆ ಹುಡುಗನಿಗೂ ಗೊತ್ತಿರುವುದಿಲ್ಲ, ಗಾಡಿಯವನಿಗೂ ಗೊತ್ತಿರುವುದಿಲ್ಲ. ಗಾಳಿ ಮಾತ್ರ ಒಳಗೆ ಹೋಗಿರುತ್ತದೆ.

ನಮ್ಮ ಈ ನಾಲ್ಕು ತಾಲ್ಲೂಕುಗಳ ಬದುಕು ಎಷ್ಟರಮಟ್ಟಿಗೆ ಪಿಕಪ್ ಗಾಡಿಗಳ ಮೇಲೆ ನಿಂತಿದೆ ಎನ್ನುವುದನ್ನು ವಿವರಿಸಬೇಕಿಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ಹೊಗೆಸೊಪ್ಪಿನ ಬೇಲು, ಬ್ಯಾರನ್ನಿಗೆ ಸೌದೆ, ಎಚ್.ಡಿ. ಕೋಟೆ ಕಡೆಯ ಶುಂಠಿ, ಬಾಳೆ, ಕೆ.ಆರ್. ನಗರದ ಭತ್ತ, ಚುಂಚನಕಟ್ಟೆ ಜಾತ್ರೆಗೆ ಹೊರಟ ಎತ್ತು, ಎಲ್ಲಕ್ಕೂ ಅದೇ ಗಾಡಿ. ಸಾಮಾನಿನ ಗಾಡಿಯಲ್ಲಿ ಜನರನ್ನು ತುಂಬಬಾರದು ಎಂದು ಕಾನೂನು ಇದ್ದರೂ ಕೂಲಿಗೆ ಹೋಗುವ ಹೆಂಗಸರು, ಮದುವೆಗೆ ಹೊರಟ ನೆಂಟರು ಹಿಂದೆ ನಿಂತು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಇಷ್ಟನ್ನೂ ನೆಲಕ್ಕೆ ಹಿಡಿದಿಟ್ಟಿರುವುದು ನಾಲ್ಕು ಟೈರುಗಳು. ಅವುಗಳೊಳಗಿನ ಗಾಳಿ ಎಷ್ಟಿರಬೇಕು ಎಂಬ ಪ್ರಶ್ನೆ ಪಂಕ್ಚರ್ ಅಂಗಡಿಯ ಹುಡುಗನದು ಮಾತ್ರವಲ್ಲ, ಹೈಸ್ಕೂಲಿನ ವಿಜ್ಞಾನದ್ದೂ ಹೌದು. ಆ ವಿಜ್ಞಾನವನ್ನು ಬಹಳ ವರ್ಷ ಪಾಠ ಮಾಡಿದ ನಾನೇ ಇದರಲ್ಲಿ ತಪ್ಪಿದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಪಕ್ಕದ ಮನೆಯವರದು ಒಂದು ಪಿಕಪ್ ಇದೆ. ಹೊಸ ಟೈರು ಹಾಕಿಸಿದ ದಿನ ಅವರು ನನ್ನನ್ನು ಕರೆದರು. "ಮೇಷ್ಟ್ರೇ, ಟೈರಿನ ಮೇಲೆ ಏನೋ ಇಂಗ್ಲಿಷಿನಲ್ಲಿ ಬರೆದವ್ರೆ, ಗಾಳಿ ಎಷ್ಟು ಅಂತ ಸ್ವಲ್ಪ ನೋಡಿ ಹೇಳಿ." ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಗರಿಷ್ಠ ಭಾರ 1120 ಕೆ.ಜಿ., ಒತ್ತಡ 450 ಕಿಲೋಪ್ಯಾಸ್ಕಲ್ ಎಂದಿತ್ತು. ಒಂದು ಪಿಎಸ್‌ಐ ಎಂದರೆ 6.9 ಕಿಲೋಪ್ಯಾಸ್ಕಲ್. ಬಾಯಿಲೆಕ್ಕದಲ್ಲೇ ಭಾಗಿಸಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: "ಅರವತ್ತೈದು. ನಾಲ್ಕಕ್ಕೂ ಅರವತ್ತೈದು ಹಾಕಿಸಿ." ಅವರು ಮೇಷ್ಟ್ರ ಮಾತು ಎಂದು ಚಾಚೂ ತಪ್ಪದೆ ಹಾಗೆಯೇ ನಡೆದರು.

ಕೆಲವು ತಿಂಗಳ ಮೇಲೆ ಒಂದು ಸಂಜೆ ಶುಂಠಿ ಇಳಿಸಿ ಖಾಲಿ ಗಾಡಿಯಲ್ಲಿ ಬರುತ್ತಿದ್ದರು. ದಾರಿಯಲ್ಲಿ ಮಗಳನ್ನು ಸ್ಕೂಲಿನಿಂದ ಹತ್ತಿಸಿಕೊಂಡಿದ್ದರು. ಸಣ್ಣ ಮಳೆ. ಕುರಿಗಳು ಅಡ್ಡ ಬಂದವೆಂದು ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಜಾರಿ ಪಕ್ಕದ ಚರಂಡಿಗೆ ಇಳಿಯಿತು. ದೇವರ ದಯೆ, ಹೆಚ್ಚಿನ ಅನಾಹುತವಾಗಲಿಲ್ಲ. ಹುಡುಗಿಯ ಎಡಗೈ ಮೂಳೆ ಬಿರುಕು ಬಿಟ್ಟು ಹಿಟ್ಟಿನ ಪಟ್ಟಿ ಹಾಕಬೇಕಾಯಿತು.

ನೋಡಲು ಹೋದಾಗ ಅವರು ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಒಂಬತ್ತನೇ ಕ್ಲಾಸಿನ ಆ ಹುಡುಗಿ ಕೇಳಿದಳು: "ಸಾರ್, ಅಪ್ಪನ ಗಾಡಿ ಬಾಗಿಲು ತೆಗೆದ್ರೆ ಒಳಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಬೇರೆ ನಂಬರ್ ಇದೆಯಲ್ಲ?"

ಹೋಗಿ ನೋಡಿದೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ, ಧೂಳು ಮೆತ್ತಿದ ಒಂದು ಚೀಟಿ. ಮುಂದಿನ ಟೈರಿಗೆ 35. ಹಿಂದಿನ ಟೈರಿಗೆ ಖಾಲಿ ಇದ್ದಾಗ 40, ಲೋಡ್ ಇದ್ದಾಗ 65. ನಾನು ಹೇಳಿದ ಸಂಖ್ಯೆ ನಾಲ್ಕು ಟೈರುಗಳ ಪೈಕಿ ಎರಡಕ್ಕೆ, ಅದೂ ಪೂರ್ತಿ ಭಾರ ಹೊತ್ತಾಗ ಮಾತ್ರ ಸರಿ! ಗಾಡಿ ಜಾರಲು ಗಾಳಿಯೊಂದೇ ಕಾರಣ ಎಂದು ಹೇಳಲಾರೆ. ಮಳೆ ಇತ್ತು, ವೇಗವೂ ಇತ್ತು. ಆದರೆ ನನ್ನ ಪಾಲೂ ಅದರಲ್ಲಿತ್ತು ಎನ್ನುವುದನ್ನು ನಾನು ಅಲ್ಲಗಳೆಯಲಾರೆ.

ಎಲ್ಲಿ ತಪ್ಪಿದೆ? ಟೈರಿನ ಮೇಲೆ ಬರೆದಿರುವುದು "ಹೆಚ್ಚೆಂದರೆ ಇಷ್ಟು" ಎಂಬ ಸಂಖ್ಯೆ. "ಇಷ್ಟೇ ಇರಲಿ" ಎಂದಲ್ಲ. ಟೈರು ತಯಾರಿಸುವವರಿಗೆ ಅದು ಯಾವ ಗಾಡಿಗೆ ಹೋಗುತ್ತದೆ, ಮುಂದೆ ಕೂರುತ್ತದೋ ಹಿಂದೆಯೋ, ಎಷ್ಟು ಚೀಲ ಹೊರುತ್ತದೆ ಎನ್ನುವುದು ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಗಾಡಿ ತಯಾರಿಸಿದವರಿಗೆ. ಅವರ ಉತ್ತರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಇರುತ್ತದೆ. ಮೇಲೆ ಹೇಳಿದ್ದು ಆ ಗಾಡಿಯ ಸಂಖ್ಯೆಗಳು. ನಿಮ್ಮ ಗಾಡಿಯದು ಬೇರೆ ಇರುತ್ತದೆ, ನಿಮ್ಮದನ್ನೇ ಓದಿಕೊಳ್ಳಬೇಕು.

ಈಗ ಸ್ವಲ್ಪ ವಿಜ್ಞಾನ ನೋಡೋಣ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪಾಠದಲ್ಲಿ ಓದಿದ್ದೀರಿ. ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಬಲ ಎಂಬ ಲೆಕ್ಕ. ಗಾಡಿಯ ಭಾರವನ್ನು ಹೊರುವುದು ರಬ್ಬರು ಎಂದು ನಾವು ತಿಳಿದಿರುತ್ತೇವೆ. ಬಹುಪಾಲು ಹೊರುವುದು ಒಳಗಿನ ಗಾಳಿ. ರಬ್ಬರು, ದಾರ, ತಂತಿ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಈ ಉಪಾಯವನ್ನು 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಪೇಟೆಂಟ್ ಮಾಡಿಸಿದ್ದ. ಆದರೆ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಗಾಳಿಯ ಟೈರು ಲೋಕಕ್ಕೆಲ್ಲ ಹರಡಿತು. ನಮ್ಮ ಜಿಲ್ಲೆಗೂ ಟೈರಿನ ನಂಟಿದೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ ಹೆಸರು ಕೇಳದ ಹಿರಿಯರು ಇಲ್ಲಿ ಕಡಿಮೆ. 1997ರಲ್ಲಿ ಅದು ಜೆ.ಕೆ. ಟೈರ್ ಸಂಸ್ಥೆಯ ಕೈ ಸೇರಿತು.

ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಒಂದು ಪಿಕಪ್ ಖಾಲಿ ಇದ್ದಾಗ ಹಿಂದಿನ ಎರಡು ಚಕ್ರಗಳ ಮೇಲೆ 800 ಕೆ.ಜಿ. ಇದೆ ಎನ್ನಿ. ಒಂದೊಂದರ ಮೇಲೆ 400 ಕೆ.ಜಿ., ಅಂದರೆ ಸುಮಾರು 880 ಪೌಂಡ್. ಟೈರಿನಲ್ಲಿ 65 ಪಿಎಸ್‌ಐ ಇದ್ದರೆ 880ನ್ನು 65ರಿಂದ ಭಾಗಿಸಿ. ಅಂದಾಜು ಹದಿಮೂರೂವರೆ ಚದರ ಇಂಚು. ನೆಲವನ್ನು ಮುಟ್ಟಿರುವ ರಬ್ಬರು ಅಷ್ಟೇ, ಒಂದು ಪೋಸ್ಟ್‌ಕಾರ್ಡಿಗಿಂತ ಚಿಕ್ಕದು. ಅದೇ ಟೈರಿನಲ್ಲಿ 40 ಇದ್ದರೆ 22 ಚದರ ಇಂಚು, ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದು. ಗಾಳಿ ಅತಿಯಾದ ಖಾಲಿ ಗಾಡಿಯ ಹಿಂದಿನ ಚಕ್ರ ಉಬ್ಬುತಗ್ಗಿನಲ್ಲಿ ಚೆಂಡಿನಂತೆ ಪುಟಿಯುತ್ತದೆ. ಪುಟಿದು ನೆಲ ಬಿಟ್ಟಿರುವ ಆ ಕ್ಷಣದಲ್ಲಿ ಬ್ರೇಕಿಗೆ ಹಿಡಿತವೇ ಇಲ್ಲ. ಟೈರಿನ ಮಧ್ಯಭಾಗ ಮಾತ್ರ ಬೇಗ ಸವೆಯುವುದೂ ಇದೇ ಕಾರಣಕ್ಕೆ.

ಹಾಗಾದರೆ ಗಾಳಿ ಕಡಿಮೆ ಇದ್ದರೆ ಒಳ್ಳೆಯದೇ? ಅದು ಇನ್ನೂ ಅಪಾಯ. ಅದೇ ಗಾಡಿಗೆ 25 ಚೀಲ ಶುಂಠಿ ತುಂಬಿ. ನಮ್ಮ ಕಡೆ ಶುಂಠಿ ಚೀಲ 60 ಕೆ.ಜಿ.ಯದು. ಒಟ್ಟು 1500 ಕೆ.ಜಿ. ಅದರಲ್ಲಿ ಹೆಚ್ಚಿನದು ಹಿಂದಕ್ಕೆ ಬಿದ್ದು, ಹಿಂದಿನ ಚಕ್ರಗಳ ಮೇಲಿನ ಭಾರ 2150 ಕೆ.ಜಿ. ಆಯಿತು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 1075. ಈಗ 40 ಪಿಎಸ್‌ಐ ಗಾಳಿಯಲ್ಲಿ ಟೈರು ಚಪ್ಪಟೆಯಾಗಿ ಪಕ್ಕದ ಗೋಡೆ ಉಬ್ಬುತ್ತದೆ. ಚಕ್ರ ಒಂದು ಸುತ್ತು ಸುತ್ತಿದರೆ ಆ ಗೋಡೆ ಒಮ್ಮೆ ಮಡಿಸಿ ಬಿಡಿಸುತ್ತದೆ. ಒಂದು ತಂತಿಯನ್ನು ಬೇಗ ಬೇಗ ಅತ್ತಿತ್ತ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಟೈರಿನಲ್ಲಿ ಆಗುವುದೂ ಇದೇ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಅಷ್ಟು ದೂರದಲ್ಲಿ ಸಾವಿರಾರು ಸಲ ಮಡಿಸಿ ಬಿಡಿಸಿದ ರಬ್ಬರು ಕಾದು, ಪದರಗಳು ಬಿಟ್ಟುಕೊಂಡು, ಕೊನೆಗೆ ಒಡೆಯುತ್ತದೆ. ಬಿಸಿಲಿಗೆ ಟೈರು ಒಡೆಯಿತು ಎನ್ನುತ್ತೇವೆ. ಬಿಸಿಲು ನೆಪ, ಅನೇಕ ಸಲ ನಿಜವಾದ ಕಾರಣ ಕಡಿಮೆ ಗಾಳಿ ಮತ್ತು ಹೆಚ್ಚು ಭಾರ. ಗಾಳಿ ಕಡಿಮೆಯಿದ್ದ ಟೈರಿನ ಎರಡೂ ಅಂಚು ಸವೆದಿರುತ್ತವೆ, ಮಧ್ಯ ಹಾಗೆಯೇ ಇರುತ್ತದೆ. ನಿಮ್ಮ ಮನೆಯ ಗಾಡಿಯ ಟೈರನ್ನು ನೋಡಿದರೆ ಅದು ತನ್ನ ಕತೆಯನ್ನು ತಾನೇ ಹೇಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಲೋಡ್ ಹೆಚ್ಚು ಹಾಕಿದರೆ ಗಾಳಿಯನ್ನೂ ಹೆಚ್ಚು ಹಾಕಿದರಾಯಿತು ಎನ್ನುವುದು. ಟೈರಿನ ಅಳತೆಯ ಪಕ್ಕದಲ್ಲಿ 112/110 ಎಂಬಂಥ ಸಂಖ್ಯೆ ಇರುತ್ತದೆ. ಅದು ಭಾರದ ಗುರುತು. 112 ಎಂದರೆ 1120 ಕೆ.ಜಿ., 110 ಎಂದರೆ 1060 ಕೆ.ಜಿ. ಒಂದು ಪಕ್ಕಕ್ಕೆ ಒಂದೇ ಚಕ್ರವಿದ್ದರೆ ಮೊದಲನೆಯದು, ಜೋಡಿ ಚಕ್ರವಿದ್ದರೆ ಎರಡನೆಯದು. ಈಗ 25ರ ಬದಲು 35 ಚೀಲ ಹೇರಿ. ಹಿಂದಿನ ಒಂದೊಂದು ಟೈರಿನ ಮೇಲೆ 1350 ಕೆ.ಜಿ. ಆಸುಪಾಸು ಬೀಳುತ್ತದೆ. ಟೈರು ಒಪ್ಪಿಕೊಂಡಿರುವುದು 1120 ಮಾತ್ರ. ಇಲ್ಲಿ 65 ಹಾಕಿದರೂ ಸರಿಯಿಲ್ಲ, 85 ಹಾಕಿದರೂ ಸರಿಯಿಲ್ಲ. ಈ ಭಾರಕ್ಕೆ ಸರಿಯಾದ ಗಾಳಿ ಎಂಬುದೇ ಇಲ್ಲ. ಹತ್ತು ಚೀಲ ಇಳಿಸುವುದೊಂದೇ ಉತ್ತರ. ಎರಡು ಟ್ರಿಪ್ಪಿನ ಬದಲು ಒಂದೇ ಟ್ರಿಪ್ಪು ಹೊಡೆದರೆ ಡೀಸೆಲ್ ಉಳಿಯುತ್ತದೆ ಎನ್ನುವ ತಂದೆಯವರು ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಚೀಟಿ ಹರಿದುಹೋಗಿದ್ದರೆ, ಬಣ್ಣ ಹೊಡೆಸುವಾಗ ಮುಚ್ಚಿಹೋಗಿದ್ದರೆ, ಅಥವಾ ಮೊದಲಿದ್ದ ಅಳತೆಯ ಬದಲು ಬೇರೆ ಅಳತೆಯ ಟೈರು ಹಾಕಿಸಿದ್ದರೆ? ಆಗ ತೂಕದ ಸೇತುವೆಗೆ, ಅಂದರೆ ವೇ ಬ್ರಿಡ್ಜಿಗೆ ಹೋಗಿ. ನೀವು ಸಾಮಾನ್ಯವಾಗಿ ಹೇರುವಷ್ಟು ಹೇರಿಕೊಂಡು, ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಹಿಂದಿನವನ್ನು ತೂಗಿಸಿ. ಎರಡನ್ನೂ ಎರಡರಿಂದ ಭಾಗಿಸಿದರೆ ಒಂದೊಂದು ಟೈರಿನ ಪಾಲು ಸಿಗುತ್ತದೆ. ಯಾವ ಅಳತೆಯ ಟೈರು ಎಷ್ಟು ಗಾಳಿಯಲ್ಲಿ ಎಷ್ಟು ಭಾರ ಹೊರುತ್ತದೆ ಎಂಬ ಪಟ್ಟಿ ಟೈರು ಕಂಪನಿಗಳಲ್ಲಿ ಇರುತ್ತದೆ. ಡೀಲರ್ ಹತ್ತಿರ ಆ ಪಟ್ಟಿ ಕೇಳಿ, ನಿಮ್ಮ ಭಾರದ ಎದುರು ಇರುವ ಒತ್ತಡವನ್ನು ಬರೆದುಕೊಳ್ಳಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಟ್ಟು ಟೈರು ತೆಗೆದುಕೊಂಡವರು ನೀವು.

ಸಂಖ್ಯೆ ಗೊತ್ತಾಯಿತು. ಆದರೆ ಅಳೆಯುವುದು ಯಾವಾಗ? ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ. ಚೀಟಿಯಲ್ಲಿರುವುದು ತಣ್ಣನೆಯ ಟೈರಿನ ಲೆಕ್ಕ. ಇದಕ್ಕೆ ಕಾರಣ ನಿಮ್ಮ ಪಾಠದಲ್ಲೇ ಇದೆ. ಮುಚ್ಚಿದ ಪಾತ್ರೆಯ ಅನಿಲ ಬಿಸಿಯಾದರೆ ಒತ್ತಡ ಏರುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಸಮುದ್ರ ಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ. ನಮ್ಮ ಎತ್ತರದಲ್ಲಿ ಸುಮಾರು 13.5. ಆದ್ದರಿಂದ ಮೀಟರು 50 ಎಂದರೆ ನಿಜವಾದ ಒತ್ತಡ 63.5. ಬೆಳಿಗ್ಗೆ 20 ಡಿಗ್ರಿ ಸೆಲ್ಸಿಯಸ್, ಅಂದರೆ 293 ಕೆಲ್ವಿನ್. ಓಡಿದ ಮೇಲೆ ಒಳಗಿನ ಗಾಳಿ 50 ಡಿಗ್ರಿಗೆ ಏರಿದರೆ 323 ಕೆಲ್ವಿನ್. 63.5ನ್ನು 323ರಿಂದ ಗುಣಿಸಿ 293ರಿಂದ ಭಾಗಿಸಿದರೆ 70. ಅದರಲ್ಲಿ ಹೊರಗಿನ 13.5 ಕಳೆದರೆ ಮೀಟರು 56.5 ತೋರಿಸಬೇಕು. ಗಾಳಿ ಹಾಕದೆಯೇ ಆರೂವರೆ ಏರಿತು!

ಇದನ್ನು ನೋಡಿ ಕೆಲವರು "ಹೆಚ್ಚಾಗಿದೆ, ಬಿಡು" ಎಂದು ಬಂಕಿನಲ್ಲಿ ಗಾಳಿ ಬಿಡಿಸುತ್ತಾರೆ. ಬಿಸಿಯಲ್ಲಿ 50ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಆ ಟೈರಿನಲ್ಲಿ ಉಳಿಯುವುದು 44 ಮಾತ್ರ. ಅದರ ಮೇಲೆ ಲೋಡ್ ಹೇರಿದರೆ ಏನಾಗುತ್ತದೆ ಎನ್ನುವುದನ್ನು ಮೇಲೆಯೇ ನೋಡಿದ್ದೇವೆ. ಬಿಸಿ ಟೈರಿನ ಗಾಳಿ ಬಿಡಬೇಡಿ. ಕಡಿಮೆ ಎನಿಸಿದರೆ ಹಾಕಿಸಿಕೊಂಡು, ಮರುದಿನ ಬೆಳಿಗ್ಗೆ ಅಳೆದು ಸರಿ ಮಾಡಿಕೊಳ್ಳಿ.

ಹೋಗುವಾಗ ಲೋಡು, ಬರುವಾಗ ಖಾಲಿ, ಹೀಗೆ ಒಂದೇ ದಿನ ಎರಡೂ ಇದ್ದರೆ ಏನು ಮಾಡುವುದು ಎಂದು ಕೇಳಬಹುದು. ಲೋಡಿಗೆ ಎಷ್ಟು ಬೇಕೋ ಅಷ್ಟಿರಲಿ. ಖಾಲಿ ಬರುವಾಗ, ಅದರಲ್ಲೂ ಮಳೆಯಲ್ಲಿ, ನಿಧಾನವಾಗಿ ಬನ್ನಿ. ಖಾಲಿ ಗಾಡಿಯ ಗಾಳಿಯಲ್ಲಿ ಲೋಡು ಹೇರುವುದು ಮಾತ್ರ ಎಂದೂ ಬೇಡ. ಹೊಲದ ಕೆಸರಿನಲ್ಲಿ ಹೂತಾಗ ಗಾಳಿ ಕಡಿಮೆ ಮಾಡಿ ಗಾಡಿ ಎತ್ತುವುದುಂಟು. ಅದು ಸರಿಯಾದ ಉಪಾಯವೇ. ಆದರೆ ಟಾರು ರಸ್ತೆಗೆ ಹತ್ತಿದ ಕೂಡಲೇ ಗಾಳಿ ಮತ್ತೆ ತುಂಬಿಸಬೇಕು. ಮರೆತು ಹಾಗೆಯೇ ಮೈಸೂರಿಗೆ ಹೊರಟವರ ಟೈರು ದಾರಿಯಲ್ಲೇ ಹೋಗುತ್ತದೆ.

ಟೈರಿಗೆ ಕೋಲಿನಿಂದ ಬಡಿದು ಸದ್ದು ಕೇಳಿ "ಸರಿಯಾಗಿದೆ" ಎನ್ನುವ ಹಳೆಯ ಡ್ರೈವರುಗಳಿದ್ದಾರೆ. ಪೂರ್ತಿ ಇಳಿದ ಟೈರನ್ನು ಆ ಸದ್ದು ಹೇಳುತ್ತದೆ. 65ಕ್ಕೂ 50ಕ್ಕೂ ಇರುವ ವ್ಯತ್ಯಾಸವನ್ನು ಯಾವ ಕಿವಿಯೂ ಹೇಳಲಾರದು. ಕೆಲವು ನೂರು ರೂಪಾಯಿಗೆ ಒಂದು ಮೀಟರು ಬರುತ್ತದೆ, ಒಂದು ಟೈರಿನ ಬೆಲೆಯ ಮುಂದೆ ಅದು ಏನೂ ಅಲ್ಲ. ನೈಟ್ರೋಜನ್ ತುಂಬಿಸಬೇಕೇ ಎಂದೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ನೇ ಇದೆ. ತುಂಬಿಸಿದರೆ ತೊಂದರೆಯಿಲ್ಲ. ಆದರೆ ಯಾವುದನ್ನು ತುಂಬಿದರೂ ಅಳೆಯುವುದು ತಪ್ಪುವುದಿಲ್ಲ.

ಈ ವಾರ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಂದು ಪಿಕಪ್, ಕಾರು ಅಥವಾ ಬೈಕು ಇದ್ದೇ ಇರುತ್ತದೆ. ಅದರ ಚೀಟಿ ಹುಡುಕಿ ಮುಂದೆ ಎಷ್ಟು, ಹಿಂದೆ ಎಷ್ಟು, ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂದು ಬರೆದುಕೊಳ್ಳಿ. ಟೈರಿನ ಮೇಲಿನ ಅಳತೆ, ಭಾರದ ಗುರುತು ಬರೆದುಕೊಳ್ಳಿ. ನಾಲ್ಕು ಅಂಕಿಯ ಒಂದು ಸಂಖ್ಯೆಯೂ ಇರುತ್ತದೆ. 3623 ಎಂದಿದ್ದರೆ ಅದು 2023ರ 36ನೇ ವಾರದಲ್ಲಿ ತಯಾರಾದ ಟೈರು. ಒಂದು ವಾರ ದಿನಾ ಬೆಳಿಗ್ಗೆ ದೊಡ್ಡವರ ಜೊತೆ ಒತ್ತಡ ಅಳೆದು ಪಟ್ಟಿ ಮಾಡಿ. ಒಂದೇ ಟೈರಿನಲ್ಲಿ ಮಾತ್ರ ದಿನೇ ದಿನೇ ಇಳಿಯುತ್ತಿದ್ದರೆ ಎಲ್ಲೋ ಸಣ್ಣ ತೂತಿದೆ ಅಥವಾ ವಾಲ್ವ್ ಸೋರುತ್ತಿದೆ ಎಂದು ನೀವೇ ಕಂಡುಹಿಡಿಯಬಹುದು. ಸ್ಟೆಪ್ನಿಯನ್ನು ಮರೆಯಬೇಡಿ. ಬೇಕಾದ ದಿನ ಅದರಲ್ಲಿ ಗಾಳಿಯೇ ಇರುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ಮಾತು. ಮಕ್ಕಳು ಹೀಗೆ ಬಂದು ಕೇಳಿದಾಗ "ನಿನಗೇನು ಗೊತ್ತು, ಹೋಗಿ ಓದಿಕೋ" ಎನ್ನಬೇಡಿ. ಅವರು ಓದುತ್ತಿರುವುದೇ ಅದನ್ನು. ಆ ಮಾತನ್ನು ನಾನೂ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಟೈರಿನ ಮೇಲಿನ ಅಕ್ಷರವನ್ನು ಓದಿದ ಮೇಷ್ಟ್ರಿಗೆ ಬಾಗಿಲ ಚೀಟಿಯನ್ನು ತೋರಿಸಿದವಳು ಒಂಬತ್ತನೇ ಕ್ಲಾಸಿನ ಹುಡುಗಿ.

ಆಕೆಯ ಕೈ ಈಗ ಸರಿಹೋಗಿದೆ. ಅವರ ಗಾಡಿಯ ಡ್ರೈವರ್ ಸೀಟಿನ ಎದುರಿಗೆ, ದೇವರ ಪಟದ ಕೆಳಗೆ, ನೋಟ್ ಪುಸ್ತಕದ ಹಾಳೆಯೊಂದನ್ನು ಅಂಟಿಸಿದ್ದಾಳೆ. ಮುಂದೆ 35, ಹಿಂದೆ ಖಾಲಿ 40, ಲೋಡ್ 65, ಬೆಳಿಗ್ಗೆ ನೋಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಪಂಕ್ಚರ್ ಅಂಗಡಿಯ ಹುಡುಗ "ಎಷ್ಟು ಹಾಕ್ಲಿ ಅಣ್ಣಾ?" ಎಂದಾಗ ಅವರ ತಂದೆ ಈಗ "ಮಾಮೂಲಿ" ಎನ್ನುವುದಿಲ್ಲ. ಆ ಹಾಳೆಯನ್ನು ನೋಡಿ ಹೇಳುತ್ತಾರೆ.